ಆಲ್ಕಲೈನ್ ಡಯಟ್, ಆಲ್ಕಲೈನ್ ನೀರು, ಸೋಡ, ಮಾತ್ರೆ: ಯಾರ ಆಸಿಡಿಟಿಗೆ ಯಾವುದು?

'ನಂಗೆ ಆಸಿಡಿಟಿ' ಅನ್ನುವವರಲ್ಲಿ ಒಬ್ಬರಿಗೆ ಊಟ ಆದ ಮೇಲೆ ಎದೆ ಉರಿ, ಹುಳಿ ತೇಗು. ಇನ್ನೊಬ್ಬರಿಗೆ ಹೊಟ್ಟೆ ಉಬ್ಬರ; ಅದನ್ನೇ ಅವರು ಗ್ಯಾಸ್ಟ್ರಿಕ್ ಅನ್ನುತ್ತಾರೆ. ಮತ್ತೊಬ್ಬರು ವಿಡಿಯೊ ನೋಡಿ 'ನನ್ನ ಬಾಡಿಯೇ ಆಸಿಡಿಕ್ ಆಗಿದೆ' ಅಂತ ತೀರ್ಮಾನಿಸಿದವರು. ಮೂತ್ರದಲ್ಲಿ ಅದ್ದಿ ನೋಡುವ ಬಣ್ಣದ ಪಟ್ಟಿಗಳನ್ನೂ ತರಿಸಿಟ್ಟುಕೊಂಡಿದ್ದಾರೆ. ನಾಲ್ಕನೆಯವರಿಗೆ ಕಿಡ್ನಿ ಡಾಕ್ಟರು ರಕ್ತದಲ್ಲಿ ಆಮ್ಲವನ್ನು ತಡೆಯುವ ಬೈಕಾರ್ಬೊನೇಟ್ ಕಡಿಮೆ ಇದೆ ಅಂದಿದ್ದಾರೆ. ಈ ನಾಲ್ವರಿಗೂ ಮೊಬೈಲ್ ಕೊಡುವ ಸಲಹೆ ಒಂದೇ: ಆಲ್ಕಲೈನ್ ಆಹಾರ ತಿನ್ನಿ, ಆಮ್ಲ ಮಾಡುವುದನ್ನು ಬಿಡಿ, ಆಲ್ಕಲೈನ್ ನೀರು ಕುಡಿಯಿರಿ.

ನಾಲ್ವರ ತೊಂದರೆಯೂ ಬೇರೆ ಬೇರೆ ಜಾಗದ್ದು. ಹಾಗಾಗಿ ಯಾವುದು ಒಳ್ಳೆಯದು ಅಂತ ಹೋಲಿಸುವ ಮೊದಲು ನಿಮ್ಮ ಆಮ್ಲ ಎಲ್ಲಿದೆ ಅಂತ ನೋಡಿಕೊಳ್ಳಬೇಕು.

ಹೊಟ್ಟೆ, ರಕ್ತ, ಮೂತ್ರ

ಹೊಟ್ಟೆಯ ರಸ ಹುಟ್ಟಾ ಹುಳಿ. ಅದರ ಪಿಎಚ್ ಸಾಮಾನ್ಯವಾಗಿ 1.5ರಿಂದ 3.5. ಪಿಎಚ್ ಅಳತೆಯಲ್ಲಿ 7 ನಡು. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ, ಅಂದರೆ ಆಲ್ಕಲೈನ್. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಹೊಟ್ಟೆ ಇಷ್ಟು ಹುಳಿಯಾಗಿ ಇರಲೇಬೇಕು. ಪ್ರೋಟೀನ್ ಅರಗುವುದಕ್ಕೂ ಅದು ಬೇಕು, ಊಟದ ಜೊತೆ ಒಳಗೆ ಬಂದ ರೋಗಾಣು ಸಾಯುವುದಕ್ಕೂ ಬೇಕು. ಈ ರಸ ಮೇಲಕ್ಕೆ ಉಕ್ಕಿ ಅನ್ನನಾಳಕ್ಕೆ ಬಂದಾಗಲೇ ರಗಳೆ. ಹೊಟ್ಟೆಯ ಗೋಡೆಗೆ ಇರುವಂಥ ದಪ್ಪ ಲೋಳೆಪದರ ಅನ್ನನಾಳಕ್ಕೆ ಇಲ್ಲ. ಅದಕ್ಕೇ ಉರಿ. ಎಷ್ಟೋ ಜನರಿಗೆ ಆಮ್ಲ ಅಳತೆ ಮೀರಿ ಉತ್ಪತ್ತಿ ಆಗಿರುವುದೇ ಇಲ್ಲ. ಇರಬಾರದ ಜಾಗಕ್ಕೆ ಬಂದಿರುತ್ತದೆ, ಅಷ್ಟೆ.

ರಕ್ತದ ಕತೆ ಬೇರೆ. ಅದರ ಪಿಎಚ್ 7.35ರಿಂದ 7.45ರ ಒಳಗೇ ಇರಬೇಕು, ಇರುತ್ತದೆ ಕೂಡ. ನಾಲ್ಕು ದಿನ ಬಿರಿಯಾನಿ ತಿಂದರೂ ಅದು ಅಲ್ಲಾಡುವುದಿಲ್ಲ, ನಾಲ್ಕು ದಿನ ಸೌತೆಕಾಯಿ ತಿಂದರೂ ಅಲ್ಲಾಡುವುದಿಲ್ಲ. ಶ್ವಾಸಕೋಶ ಪ್ರತಿ ಉಸಿರಿನಲ್ಲೂ ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕುತ್ತದೆ. ಉಳಿದ ಆಮ್ಲವನ್ನು ಕಿಡ್ನಿ ಮೂತ್ರದಲ್ಲಿ ಕಳಿಸುತ್ತದೆ, ಜೊತೆಗೆ ಬೈಕಾರ್ಬೊನೇಟನ್ನು ಉಳಿಸಿಕೊಳ್ಳುತ್ತದೆ. ರಕ್ತ ನಿಜವಾಗಿಯೂ ಆಮ್ಲದ ಕಡೆ ವಾಲಿದರೆ, ಅಂದರೆ ಸಕ್ಕರೆ ಕಾಯಿಲೆಯ ಕೀಟೋಅಸಿಡೋಸಿಸ್‌ನಂಥ ಸ್ಥಿತಿ ಬಂದರೆ, ಅದು ಆಸ್ಪತ್ರೆಗೆ ಓಡಬೇಕಾದ ವಿಷಯ. ಸೊಪ್ಪು ತಿಂದು ಸರಿ ಮಾಡಿಕೊಳ್ಳುವಂಥದ್ದಲ್ಲ.

ಇನ್ನು ಮೂತ್ರ. ಅದರ ಪಿಎಚ್ 4.5ರಿಂದ 8ರವರೆಗೆ ಓಡಾಡುತ್ತದೆ. ರಕ್ತದ ಹಾಗಲ್ಲ, ಇದು ಊಟದಿಂದ ನಿಜವಾಗಿ ಬದಲಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಪಟ್ಟಿ ಅದ್ದಿದರೆ ಬಹುತೇಕ ಎಲ್ಲರಿಗೂ ಅದು ಆಮ್ಲವನ್ನೇ ತೋರಿಸುತ್ತದೆ. ಕಿಡ್ನಿ ರಾತ್ರಿಯೆಲ್ಲ ತನ್ನ ಕೆಲಸ ಮಾಡಿದೆ ಅಂತ ಅದರ ಅರ್ಥ. ಅದನ್ನು ನೋಡಿ 'ನನ್ನ ದೇಹ ಹುಳಿಯಾಗಿದೆ' ಅಂತ ಹೆದರುವವರನ್ನು ಕಂಡರೆ ನನಗೆ ಸ್ವಲ್ಪ ಪಾಪ ಅನಿಸುತ್ತದೆ, ಪಟ್ಟಿ ಮಾರಿದವರ ಮೇಲೆ ಸ್ವಲ್ಪ ಸಿಟ್ಟೂ ಬರುತ್ತದೆ.

ಯಾವ ಆಹಾರ ಆಮ್ಲ, ಯಾವುದು ಕ್ಷಾರ: ಈ ಪಟ್ಟಿ ಎಲ್ಲಿಂದ ಬಂತು

ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಕ್ಲಾಡ್ ಬರ್ನಾರ್ಡ್ ಎಂಬ ಶರೀರಶಾಸ್ತ್ರಜ್ಞ ಇದ್ದರು. ಸಂತೆಯಿಂದ ತಂದ ಮೊಲಗಳ ಮೂತ್ರ ತಿಳಿಯಾಗಿ, ಆಮ್ಲವಾಗಿ ಇರುವುದು ಅವರ ಕಣ್ಣಿಗೆ ಬಿತ್ತು. ಹುಲ್ಲು ತಿನ್ನುವ ಪ್ರಾಣಿಯ ಮೂತ್ರ ಮಬ್ಬಾಗಿ, ಕ್ಷಾರವಾಗಿ ಇರಬೇಕಿತ್ತು. ಮೊಲಗಳು ಹಸಿದಿರಬೇಕು, ತಮ್ಮ ಮೈಯ ಮಾಂಸವನ್ನೇ ಕರಗಿಸಿಕೊಂಡು ಬದುಕಿರಬೇಕು ಅಂತ ಅವರು ಊಹಿಸಿದರು. ಹುಲ್ಲು ಹಾಕಿದರೆ ಮೂತ್ರ ಕ್ಷಾರ, ಮತ್ತೆ ಉಪವಾಸ ಕೆಡವಿದರೆ ಆಮ್ಲ, ಬೇಯಿಸಿದ ದನದ ಮಾಂಸ ತಿನ್ನಿಸಿದರೂ ಆಮ್ಲ. ಊಟಕ್ಕೂ ಮೂತ್ರದ ಹುಳಿಗೂ ಇರುವ ನಂಟು ಅಲ್ಲಿ ಗೊತ್ತಾಯಿತು.

ಈಗ ಎಲ್ಲ ಕಡೆ ಓಡಾಡುವ ಅಂಕಿಗಳು ಬಹುತೇಕ 1995ರವು. ಜರ್ಮನಿಯ ಥಾಮಸ್ ರೆಮರ್ ಮತ್ತು ಫ್ರೀಡ್ರಿಶ್ ಮಾಂಜ್ ಒಂದು ಸೂತ್ರ ಕೊಟ್ಟರು. ಆಹಾರದಲ್ಲಿರುವ ಪ್ರೋಟೀನ್ ಮತ್ತು ರಂಜಕ (ಫಾಸ್ಫರಸ್) ಆಮ್ಲದ ಕಡೆ ಕೂಡುತ್ತವೆ. ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಅದನ್ನು ಕಳೆಯುತ್ತವೆ. ಉಳಿದ ಅಂಕಿ ಪ್ಲಸ್ ಆದರೆ ಕಿಡ್ನಿಗೆ ಆಮ್ಲದ ಹೊರೆ, ಮೈನಸ್ ಆದರೆ ಹೊರೆ ಇಳಿಯಿತು. ಈ ಲೆಕ್ಕ ಇರುವುದು ಕಿಡ್ನಿಯ ಹೊರೆಗೆ. ಎದೆ ಉರಿಗೆ ಅಂತ ಯಾರೂ ಇದನ್ನು ಮಾಡಿದ್ದಲ್ಲ. ಕೆಳಗಿನ ಎರಡು ಕಾಲಂ ಅಕ್ಕಪಕ್ಕ ಓದಿ, ಎಷ್ಟು ಸಲ ಒಂದಕ್ಕೊಂದು ತಾಳೆ ಆಗುವುದಿಲ್ಲ ಅಂತ ಕಾಣುತ್ತದೆ.

| 100 ಗ್ರಾಂಗೆ | ಪಟ್ಟಿಯ ಅಂಕಿ | ಎದೆ ಉರಿ ಇರುವವರಿಗೆ |
|---|---|---|
| ನಿಂಬೆರಸ | −2.5 | ಖಾಲಿ ಹೊಟ್ಟೆಗೆ ಬೇಡ |
| ಟೊಮೆಟೊ | −3.1 | ಹಲವರಿಗೆ ಉರಿ ತರುತ್ತದೆ |
| ಕಾಫಿ | −1.4 | ಕೆಲವರಿಗೆ ಆಗುವುದೇ ಇಲ್ಲ |
| ಬಾಳೆಹಣ್ಣು | −5.5 | ಬಹುತೇಕರಿಗೆ ಹಿತ |
| ಹಾಲು | +0.7 | ಮೊದಲು ತಂಪು, ಆಮೇಲೆ ಮತ್ತೆ ಆಮ್ಲ |
| ಬಿಳಿ ಅಕ್ಕಿ | +4.6 | ಮೆತ್ತಗಿನ ಅನ್ನ ಹಿತ |
| ಮೊಟ್ಟೆ | +8.2 | ಬೇಯಿಸಿದ್ದು ಸಾಮಾನ್ಯವಾಗಿ ಪರವಾಗಿಲ್ಲ |
| ಕೋಳಿ | +8.7 | ಎಣ್ಣೆ, ಮಸಾಲೆ ಎಷ್ಟು ಅನ್ನುವುದರ ಮೇಲೆ |

ಇಷ್ಟು ಹುಳಿಯಾದ ನಿಂಬೆ ಮೈನಸ್ ಆಗುವುದು ಹೇಗೆ ಅಂತ ಕೇಳುತ್ತೀರಿ, ಅಲ್ವಾ? ನಿಂಬೆಯ ಸಿಟ್ರಿಕ್ ಆಮ್ಲವನ್ನು ದೇಹ ಸುಟ್ಟು ಉಸಿರಿನಲ್ಲಿ ಆಚೆ ಹಾಕುತ್ತದೆ. ಅದರ ಜೊತೆ ಬಂದ ಪೊಟ್ಯಾಸಿಯಂ ಸಿಟ್ರೇಟ್‌ನಿಂದ ಬೈಕಾರ್ಬೊನೇಟ್ ಉಳಿಯುತ್ತದೆ. ಇದೆಲ್ಲ ನಡೆಯುವುದು ಅರಗಿದ ಮೇಲೆ. ಗಂಟಲಿನಿಂದ ಹೊಟ್ಟೆಗೆ ಇಳಿಯುವವರೆಗೆ ನಿಂಬೆ ಹುಳಿಯೇ. ಉರಿಯುವ ಅನ್ನನಾಳಕ್ಕೆ 'ಇದು ಆಮೇಲೆ ಕ್ಷಾರ ಆಗುತ್ತದೆ' ಅಂತ ಹೇಳಿ ಏನು ಪ್ರಯೋಜನ? ಬೆಳಿಗ್ಗೆ ಎದ್ದು ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದು, ಹತ್ತು ಗಂಟೆಗೆ ಎದೆ ಹಿಡಿದುಕೊಳ್ಳುವವರು ಎಷ್ಟೋ ಜನ.

ಎದೆ ಉರಿ, ಹುಳಿ ತೇಗು ಆದರೆ

ಇಲ್ಲಿ ನಿಮ್ಮ ಮುಂದೆ ನಾಲ್ಕು ದಾರಿ ಇವೆ: ಪೂರ್ತಿ ಆಲ್ಕಲೈನ್ ಡಯಟ್, ಊಟದ ಹೊತ್ತು ಮತ್ತು ಪ್ರಮಾಣ ಬದಲಿಸುವುದು, ಸೋಡ ಅಥವಾ ಆಂಟಾಸಿಡ್, ಆಮ್ಲ ಕಡಿಮೆ ಮಾಡುವ ಮಾತ್ರೆ.

ಆಲ್ಕಲೈನ್ ಡಯಟ್ ಹಿಡಿದವರಲ್ಲಿ ಕೆಲವರಿಗೆ ಉರಿ ಕಡಿಮೆ ಆಗುವುದು ನಿಜ. ಕಾರಣ ಸರಳವಾಗಿದೆ. ಆ ಪಟ್ಟಿ ಹಿಡಿದರೆ ಕರಿದದ್ದು, ಬೇಕರಿ ತಿಂಡಿ, ಮದ್ಯ, ರಾತ್ರಿಯ ಮಟನ್ ಎಲ್ಲ ತಾನಾಗೇ ಹೋಗುತ್ತದೆ. ತೂಕವೂ ಇಳಿಯುತ್ತದೆ. ಹೊಟ್ಟೆಯ ಬೊಜ್ಜು ಕಡಿಮೆ ಆದರೆ ಒಳಗಿನ ಒತ್ತಡ ಕಡಿಮೆ, ರಸ ಮೇಲೆ ಬರುವುದೂ ಕಡಿಮೆ. ಕ್ಷಾರದಿಂದ ಬಂದ ಲಾಭ ಅಲ್ಲ ಇದು. ಆದರೆ ಅದೇ ಪಟ್ಟಿ ಟೊಮೆಟೊ, ಕಿತ್ತಳೆ, ನಿಂಬೆ, ಹಸಿ ಈರುಳ್ಳಿ ಎಲ್ಲವನ್ನೂ 'ತಿನ್ನಿ ತಿನ್ನಿ' ಅನ್ನುತ್ತದೆ. ಉರಿ ಇರುವವರಿಗೆ ಇವೇ ಆಗದಿರಬಹುದು. ಮೊಟ್ಟೆ, ಅನ್ನ, ಕಾಳು ಬಿಡಿಸಿ ಅರೆಹೊಟ್ಟೆಯನ್ನೂ ಮಾಡುತ್ತದೆ. ಎದೆ ಉರಿಗೆ ಅಂತಲೇ ಈ ಪಟ್ಟಿ ಹಿಡಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯ ದಾರಿಗೆ ದುಡ್ಡು ಖರ್ಚಿಲ್ಲ, ಪ್ರಚಾರವೂ ಇಲ್ಲ. ನಮ್ಮ ಮನೆಗಳಲ್ಲಿ ದಿನದ ದೊಡ್ಡ ಊಟ ಆಗುವುದು ರಾತ್ರಿ. ಸೀರಿಯಲ್ ಮುಗಿಯಲಿ ಅಂತ ಕಾದು, ಒಂಬತ್ತೂವರೆಗೆ ತಟ್ಟೆ ಹಿಡಿದು, ಹತ್ತೂವರೆಗೆ ಹಾಸಿಗೆ. ಹೊಟ್ಟೆ ತುಂಬಿದೆ, ಮೈ ಅಡ್ಡ ಬಿದ್ದಿದೆ, ರಸ ಮೇಲೆ ಬರಲು ಇನ್ನೇನು ಬೇಕು? ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇಡಿ. ಒಂಬತ್ತೂವರೆಗೆ ಮಾಡುವ ಊಟ ಏಳೂವರೆಗೆ ಬಂದರೆ ಸಾಕು, ವ್ಯತ್ಯಾಸ ಕಾಣುತ್ತದೆ. ರಾತ್ರಿಯ ಊಟ ಚಿಕ್ಕದಾಗಲಿ, ಮಧ್ಯಾಹ್ನದ್ದು ದೊಡ್ಡದಾಗಲಿ.

ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆಯನ್ನೋ ಮರದ ತುಂಡನ್ನೋ ಕೊಟ್ಟು ಆರರಿಂದ ಎಂಟು ಇಂಚು ಎತ್ತರಿಸಿ. ದಿಂಬಿನ ಮೇಲೆ ದಿಂಬು ಹಾಕಿಕೊಂಡರೆ ಕತ್ತು ಮಾತ್ರ ಬಾಗುತ್ತದೆ, ಹೊಟ್ಟೆ ಮಡಚಿ ಒತ್ತಡ ಇನ್ನೂ ಹೆಚ್ಚಾಗುತ್ತದೆ. ಎಡ ಮಗ್ಗುಲಿಗೆ ಮಲಗಿದರೆ ಹೊಟ್ಟೆಯ ರಸ ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ. ತೂಕ ಇಳಿಸುವುದು ಮತ್ತು ತಲೆಯ ಕಡೆ ಎತ್ತರಿಸುವುದು, ಇವೆರಡಕ್ಕೆ ಇರುವಷ್ಟು ಆಧಾರ ಯಾವ ಪಥ್ಯದ ಪಟ್ಟಿಗೂ ಇಲ್ಲ.

ಏನು ತಿಂದರೆ ಉರಿ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಒಬ್ಬರಿಗೆ ಮಿರ್ಚಿ ಬಜ್ಜಿ, ಒಬ್ಬರಿಗೆ ಫಿಲ್ಟರ್ ಕಾಫಿ, ಒಬ್ಬರಿಗೆ ಹುಳಿ ಬಂದ ದೋಸೆ ಹಿಟ್ಟು. ಎರಡು ವಾರ ಒಂದು ಚಿಕ್ಕ ಪುಸ್ತಕದಲ್ಲಿ ತಿಂದದ್ದು, ಹೊತ್ತು, ಉರಿ ಬಂದದ್ದು ಬರೆದಿಡಿ. ನಿಮ್ಮ ಪಟ್ಟಿ ನಿಮಗೇ ಸಿಗುತ್ತದೆ. ಕಾಫಿ ನಿಮಗೆ ಏನೂ ಮಾಡದಿದ್ದರೆ ಸುಮ್ನೆ ಯಾಕೆ ಬಿಡಬೇಕು?

ಸೋಡ ಮತ್ತು ಆಂಟಾಸಿಡ್ ಬಗ್ಗೆ. ಅಡುಗೆ ಸೋಡ ನೀರಿಗೆ ಹಾಕಿ ಕುಡಿದರೆ ಕ್ಷಣದಲ್ಲಿ ಆಮ್ಲ ಇಳಿಯುತ್ತದೆ, ದೊಡ್ಡ ತೇಗು ಬರುತ್ತದೆ, ಹಗುರ ಅನಿಸುತ್ತದೆ. ಒಂದು ಟೀ ಚಮಚ ಅಡುಗೆ ಸೋಡದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2,000. ಅನ್ನ, ಸಾರು, ಉಪ್ಪಿನಕಾಯಿ ಇನ್ನೂ ಬಾಕಿ ಇದೆ! ನೊರೆ ಬರುವ ಪೊಟ್ಟಣದ ಪುಡಿಗಳಲ್ಲೂ ಮುಖ್ಯವಾಗಿ ಇರುವುದು ಇದೇ ಸೋಡ. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು ಇದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಗುಲಾಬಿ ಬಣ್ಣದ ಸಿರಪ್‌ಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುತ್ತವೆ. ಒಂದು ಮಲಬದ್ಧತೆ ತರುತ್ತದೆ, ಇನ್ನೊಂದು ಭೇದಿ ತರುತ್ತದೆ, ಅದಕ್ಕೇ ಎರಡನ್ನೂ ಸೇರಿಸುತ್ತಾರೆ. ಮದುವೆ ಊಟ ಜಾಸ್ತಿ ಆದ ದಿನಕ್ಕೆ ಇವು ಸರಿ. ಊಟದ ಮೇಲೆ ತಗೊಂಡರೆ ಎರಡು ಮೂರು ಗಂಟೆ ಕೆಲಸ ಮಾಡುತ್ತವೆ. ಖಾಲಿ ಹೊಟ್ಟೆಗೆ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಮಾತ್ರೆಗಳು, ಅಂದರೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನವು, ಆಮ್ಲ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ವಾರಕ್ಕೆ ಎರಡು ಮೂರು ದಿನಕ್ಕಿಂತ ಜಾಸ್ತಿ ಉರಿ ಇದ್ದು, ಊಟದ ಹೊತ್ತು ಬದಲಿಸಿದರೂ ಹೋಗದಿದ್ದರೆ, ಆಹಾರದ ಪಟ್ಟಿಗಳಿಗಿಂತ ಇವು ಎಷ್ಟೋ ಮೇಲು. ತಗೊಳ್ಳುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಉರಿ ಬಂದಾಗ ಒಂದು ನುಂಗುವ ಮಾತ್ರೆ ಇದಲ್ಲ, ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಡಾಕ್ಟರು ಹೇಳಿದ ಅವಧಿ ಮುಗಿದರೂ ಮೆಡಿಕಲ್ ಸ್ಟೋರಿನಿಂದ ಪಟ್ಟಿ ಪಟ್ಟಿ ತಂದು ವರ್ಷಗಟ್ಟಲೆ ನುಂಗುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅಷ್ಟು ದಿನ ತಗೊಂಡರೆ ಬಿ12, ಮೆಗ್ನೀಸಿಯಂ ಕಡಿಮೆ ಆಗಬಹುದು. ತಟ್ಟನೆ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜಾಸ್ತಿ ಬಂದು, ಮಾತ್ರೆ ಇಲ್ಲದೆ ಆಗುವುದೇ ಇಲ್ಲ ಅನಿಸುತ್ತದೆ. ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಿ. ಇನ್ನೊಂದು ಮಾತು: ಹೆಸರಿನ ಕೊನೆಗೆ 'ಡಿ' ಇರುವ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಡೊಂಪೆರಿಡೋನ್ ಎಂಬ ವಾಂತಿ ತಡೆಯುವ ಔಷಧ ಕೂಡ ಇರುತ್ತದೆ. ಹೃದಯದ ಬಡಿತಕ್ಕೆ ತೊಂದರೆ ಆಗಬಹುದು ಅಂತ ಯುರೋಪಿನಲ್ಲಿ 2014ರಲ್ಲೇ ಅದರ ಬಳಕೆಗೆ ಕಡಿವಾಣ ಹಾಕಿದ್ದಾರೆ. ನೀವಾಗಿ ತರುವ ಮಾತ್ರೆ ಅದಲ್ಲ.

ನುಂಗಲು ಕಷ್ಟ, ಕಪ್ಪು ಮಲ, ರಕ್ತ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಒಂದಿದ್ದರೂ ಹೋಲಿಕೆ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಎದೆ ಒತ್ತಿದ ಹಾಗೆ ಆಗಿ ನೋವು ಎಡ ತೋಳಿಗೆ, ದವಡೆಗೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು ಬಂದರೆ, 'ಗ್ಯಾಸ್ಟ್ರಿಕ್ ಇರಬೇಕು' ಅಂತ ಸೋಡ ಕುಡಿದು ಮಲಗಬೇಡಿ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಉಚಿತವಾಗಿ ಆಗುತ್ತದೆ. ಅದು ಗ್ಯಾಸೇ ಆಗಿದ್ದರೆ ಒಳ್ಳೆಯದೇ ಆಯಿತು, ವಾಪಸ್ ಬನ್ನಿ.

ಲಕ್ಷದ ನೀರು

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಭಾನುವಾರ ನಡೆಯುವ ಡೆಮೊ ನೋಡಿರುತ್ತೀರಿ. ಮೇಜಿನ ಮೇಲೆ ನಾಲ್ಕು ಗಾಜಿನ ಲೋಟ: ಬಾಟಲಿ ನೀರು, ಮನೆಯ ಆರ್‌ಒ ನೀರು, ತಂಪು ಪಾನೀಯ, ಅವರ ಯಂತ್ರದ ನೀರು. ಒಂದೊಂದಕ್ಕೂ ಚಿಕ್ಕ ಶೀಶೆಯಿಂದ ಮೂರು ಹನಿ. ಆರ್‌ಒ ನೀರು ಹಳದಿಗೆ ತಿರುಗುತ್ತದೆ, ಯಂತ್ರದ ನೀರು ನೇರಳೆ. 'ನೀವು ಕುಡಿಯುತ್ತಿರುವುದು ಆಸಿಡ್ ಸರ್' ಅನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯ ಮುಖ ಸಣ್ಣದಾಗುತ್ತದೆ. ಯಂತ್ರದ ಬೆಲೆ ಲಕ್ಷಗಳಲ್ಲಿ.

ಹನಿಯ ಬಣ್ಣ ತೋರಿಸುವುದು ಪಿಎಚ್ ಮಾತ್ರ. ಎಷ್ಟು ಆಮ್ಲವನ್ನು ತಡೆಯಬಲ್ಲದು ಅನ್ನುವುದನ್ನು ತೋರಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ಖನಿಜ ಏನೂ ಇಲ್ಲದ, ಬರೀ ಪಿಎಚ್ 9 ಇರುವ ಒಂದು ಲೀಟರ್ ನೀರು ಪಿಎಚ್ 2ರ ಹೊಟ್ಟೆ ರಸವನ್ನು ಎಷ್ಟು ತಟಸ್ಥ ಮಾಡುತ್ತದೆ ಗೊತ್ತಾ? ಒಂದು ಮಿಲಿಲೀಟರ್. ಹೊಟ್ಟೆ ದಿನಕ್ಕೆ ಒಂದೂವರೆ ಎರಡು ಲೀಟರ್ ರಸ ಸುರಿಸುತ್ತದೆ.

ತಡೆಯುವ ಶಕ್ತಿ ಬರುವುದು ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್‌ನಿಂದ. ನಮ್ಮ ಬೋರ್‌ವೆಲ್ ನೀರು ಅದರಲ್ಲೇ ಶ್ರೀಮಂತ. ಪಾತ್ರೆ ತಳಕ್ಕೆ, ಗೀಸರಿನ ಕಾಯಿಲಿಗೆ ಕಚ್ಚುವ ಬಿಳಿ ಪದರ ಅದರದ್ದೇ ಗುರುತು. ಲೀಟರಿಗೆ 300 ಮಿಲಿಗ್ರಾಂ ಕ್ಷಾರೀಯತೆ ಇರುವ ಗಡಸು ನೀರು ಅಂತ ಇಟ್ಟುಕೊಳ್ಳಿ. ಅಂಥ ಒಂದು ಲೀಟರ್, ಅದೇ ಪಿಎಚ್ 2ರ ರಸವನ್ನು ಸುಮಾರು 600 ಮಿಲಿಲೀಟರ್ ತಡೆಯುತ್ತದೆ. ನಾವು ಬೋರ್‌ವೆಲ್ ನೀರು ತೆಗೆದು, ಆರ್‌ಒದಲ್ಲಿ ಅದರ ಬೈಕಾರ್ಬೊನೇಟ್ ಕಳೆದು, ಆಮೇಲೆ ದುಡ್ಡು ಕೊಟ್ಟು 'ಆಲ್ಕಲೈನ್ ಕಾರ್ಟ್ರಿಜ್' ಹಾಕಿಸಿ ಸ್ವಲ್ಪ ವಾಪಸ್ ತುಂಬುತ್ತೇವೆ! ಹಾಗಂತ ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರನ್ನು ಹಾಗೇ ಕುಡಿಯಿರಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಫ್ಲೋರೈಡ್ ಇದೆ, ಶುದ್ಧೀಕರಣ ಬೇಕೇ ಬೇಕು.

ನ್ಯಾಯವಾಗಿ ಒಂದು ವಿಷಯ ಹೇಳಬೇಕು. ಪಿಎಚ್ 8.8ರ ನೀರು ಪೆಪ್ಸಿನ್ ಎಂಬ ಜೀರ್ಣರಸವನ್ನು ನಿಷ್ಕ್ರಿಯ ಮಾಡುತ್ತದೆ ಅಂತ 2012ರ ಒಂದು ಪ್ರಯೋಗ ತೋರಿಸಿತು. ಅದು ಲ್ಯಾಬಿನಲ್ಲಿ ಮಾಡಿದ್ದು. 2017ರಲ್ಲಿ ಗಂಟಲಿನವರೆಗೆ ಹುಳಿ ಬರುವ ರೋಗಿಗಳ ದಾಖಲೆ ನೋಡಿದಾಗ, ಸಸ್ಯಾಹಾರ ಹೆಚ್ಚಿರುವ ಊಟದ ಜೊತೆ ಕ್ಷಾರ ನೀರು ಕುಡಿದವರಿಗೆ ಮಾತ್ರೆ ತಗೊಂಡವರಷ್ಟೇ ಗುಣ ಕಂಡಿತ್ತು. ಗುಣ ಊಟದ್ದೋ ನೀರಿನದೋ ಅಂತ ಅದರಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಆ ಊಟಕ್ಕೆ ಯಂತ್ರದ ಖರ್ಚಿಲ್ಲ, ಮೊದಲು ಅದನ್ನೇ ಮಾಡಿ ನೋಡಬಹುದು.

ವಾಕಿಂಗ್ ಮುಗಿಸಿ ಕುಡಿಯುವ ಜ್ಯೂಸ್

ಪಾರ್ಕಿನ ಗೇಟಿನಲ್ಲಿ ಸ್ಟೀಲ್ ಡಬ್ಬಿಗಳು: ಬೂದುಕುಂಬಳ, ಹಾಗಲ, ಗೋಧಿ ಹುಲ್ಲು, ಸೋರೆಕಾಯಿ. ಬೂದುಕುಂಬಳ ಬಹುತೇಕ ನೀರೇ, ತಂಪು ಅನಿಸಿದರೆ ಒಂದು ಲೋಟ ಕುಡಿಯಿರಿ. ಸೋರೆಕಾಯಿ ಜ್ಯೂಸ್ ಮಾತ್ರ ಹುಷಾರು. ಕಹಿ ಇದ್ದರೆ ಉಗುಳಿ, ಚೆಲ್ಲಿ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ವಿಷ. ದೇಶದಲ್ಲಿ ಇದರಿಂದ ಸಾವುಗಳಾದ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನೇಮಿಸಿದ ತಜ್ಞರ ಸಮಿತಿಯೇ ಎಚ್ಚರಿಕೆ ಕೊಟ್ಟಿದೆ. ದಿನಾ ದೊಡ್ಡ ಲೋಟ ಪಾಲಕ್ ಜ್ಯೂಸ್ ಕೂಡ ಬೇಡ. ಪಟ್ಟಿಯಲ್ಲಿ ಪಾಲಕ್ −14, ಬಹಳ ದೊಡ್ಡ ಕ್ಷಾರ. ಆದರೆ ಅದರ ತುಂಬ ಆಕ್ಸಲೇಟ್, ಅದರಿಂದ ಕಿಡ್ನಿ ಕಲ್ಲು. ಕರಾವಳಿಯವರು ಬಲ್ಲ ಬಿಂಬುಳಿಯ ರಸ ಗಟ್ಟಿಯಾಗಿ ಕುಡಿದು ಕೇರಳದಲ್ಲಿ ಜನರ ಕಿಡ್ನಿಗೆ ಪೆಟ್ಟು ಬಿದ್ದಿದ್ದೂ ಇದೇ ಆಕ್ಸಲೇಟ್‌ನಿಂದ. ಸಾರಿಗೆ ಎರಡು ಕಾಯಿ ಹಾಕಿದರೆ ಏನೂ ಆಗುವುದಿಲ್ಲ.

ಪಟ್ಟಿ ನಿಜವಾಗಿ ಕೆಲಸಕ್ಕೆ ಬರುವ ಕಡೆ

ಕಿಡ್ನಿಯ ಆಮ್ಲದ ಹೊರೆ ಇಳಿಸಬೇಕು ಅಂದರೆ, ಇಲ್ಲಿ ಈ ಲೆಕ್ಕಕ್ಕೆ ಬೆಲೆ ಇದೆ. ಯೂರಿಕ್ ಆಸಿಡ್ ಕಲ್ಲು ಆಗುವುದು ಮೂತ್ರದ ಪಿಎಚ್ 5.5ಕ್ಕಿಂತ ಕೆಳಗೆ ಇದ್ದಾಗ. ಮೂತ್ರವನ್ನು 6ರ ಮೇಲಕ್ಕೆ ತಂದರೆ ಆ ಕಲ್ಲು ಕರಗಲೂಬಹುದು. ಡಾಕ್ಟರು ಪೊಟ್ಯಾಸಿಯಂ ಸಿಟ್ರೇಟ್ ಕೊಡುವುದು ಅದಕ್ಕೇ. ನಿಂಬೆ ಪಾನಕ, ಹಣ್ಣು, ತರಕಾರಿ ಜಾಸ್ತಿ, ಮಾಂಸ ಕಡಿಮೆ ಅನ್ನುವ ಸಲಹೆಯೂ ಅದಕ್ಕೇ. ಆದರೆ ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲು ಇದಕ್ಕೆ ತಿರುಗುಮುರುಗು. ಮೂತ್ರ ಕ್ಷಾರ ಆದಷ್ಟೂ ಅದು ಬೆಳೆಯುತ್ತದೆ. ಹಾಗಾಗಿ ಕಲ್ಲು ಯಾವುದು ಅಂತ ಗೊತ್ತಿಲ್ಲದೆ ಮೂತ್ರವನ್ನು ಕ್ಷಾರ ಮಾಡಲು ಹೊರಡಬೇಡಿ. ಬಿದ್ದ ಕಲ್ಲನ್ನು ಎಸೆಯದೆ ಡಬ್ಬಿಯಲ್ಲಿಟ್ಟು ಡಾಕ್ಟರಿಗೆ ಕೊಡಿ, ಪರೀಕ್ಷೆ ಮಾಡಿಸುತ್ತಾರೆ. ಎಲ್ಲ ಥರದ ಕಲ್ಲಿಗೂ ಹೊಂದುವ ಸಲಹೆ ಅಂದರೆ ನೀರು: ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ಬೆವರಿನಲ್ಲಿ ಹೋಗುವುದನ್ನೂ ಸೇರಿಸಿ ಕುಡಿಯಬೇಕು. ಬಾಳೆದಿಂಡಿನ ರಸಕ್ಕೆ ಹೆಸರಿದೆ. ಪಲ್ಯ, ಕೋಸಂಬರಿ ಮಾಡಿ ತಿನ್ನಿ, ಬೇಡ ಅನ್ನುವವರು ಯಾರು? ಅದನ್ನೇ ನಂಬಿ ಸ್ಕ್ಯಾನ್ ಬಿಡಬೇಡಿ, ಅಷ್ಟೆ.

ಕಿಡ್ನಿ ಅರ್ಧ ಸೋತವರಲ್ಲಿ ರಕ್ತದ ಬೈಕಾರ್ಬೊನೇಟ್ 22ಕ್ಕಿಂತ ಕೆಳಗೆ ಇಳಿದರೆ ಡಾಕ್ಟರು ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ ಕೊಡುವುದುಂಟು. ಅಮೆರಿಕದ ಟೆಕ್ಸಾಸ್‌ನಲ್ಲಿ ನಿಮ್ರಿತ್ ಗೊರಾಯ, ಡೊನಾಲ್ಡ್ ವೆಸನ್ ಮತ್ತು ಸಂಗಡಿಗರು ನಾಲ್ಕನೇ ಹಂತದ ಕಿಡ್ನಿ ರೋಗಿಗಳ ಮೇಲೆ ಇದನ್ನೂ ಹಣ್ಣು ತರಕಾರಿಯನ್ನೂ ಒಂದು ವರ್ಷ ಹೋಲಿಸಿದರು. ಫಲಿತಾಂಶ ಪ್ರಕಟವಾಗಿದ್ದು 2013ರಲ್ಲಿ. ಎರಡರಿಂದಲೂ ಆಮ್ಲತೆ ಸುಧಾರಿಸಿತ್ತು. ಆದರೆ ಅವರು ಪೊಟ್ಯಾಸಿಯಂ ಏರುವ ಭಯ ಕಡಿಮೆ ಇರುವವರನ್ನೇ ಆರಿಸಿದ್ದರು. ಇದನ್ನು ಮರೆತು 'ಕಿಡ್ನಿಗೆ ತರಕಾರಿ ಒಳ್ಳೆಯದಂತೆ' ಅಂತ ಎಳನೀರು, ಬಾಳೆಹಣ್ಣು ಜಾಸ್ತಿ ಮಾಡಿದರೆ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಅಪಾಯ ಇದೆ.

ಕಿಡ್ನಿ ಚೆನ್ನಾಗಿರುವವರಿಗೆ ಈಗ ಖುಷಿಯ ವಿಷಯ. ಪಟ್ಟಿಯಲ್ಲಿ ಧಾನ್ಯಗಳೆಲ್ಲ ಆಮ್ಲ ಅಂತ ಬರೆದಿರುತ್ತದೆ. ಆ ಪಟ್ಟಿ ಮಾಡಿದವರು ರಾಗಿ ನೋಡಿದವರಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಬಿಳಿ ಅಕ್ಕಿಗಿಂತ ಎಷ್ಟೋ ಜಾಸ್ತಿ. ಅದೇ ಜರ್ಮನ್ ಸೂತ್ರಕ್ಕೆ ಇವನ್ನು ಹಾಕಿದರೆ ರಾಗಿ ಸುಮಾರು −6.5ಕ್ಕೆ ಬಂದು ನಿಲ್ಲುತ್ತದೆ. ಅಕ್ಕಿ +4.6. ಜೋಳ ಅಕ್ಕಿಯ ಆಸುಪಾಸಿನಲ್ಲೇ. ಇದು ಅಂದಾಜಿನ ಲೆಕ್ಕ, ರಾಗಿಯ ಎಲ್ಲ ಖನಿಜವೂ ಮೈಗೆ ಹತ್ತುವುದಿಲ್ಲ. ಆದರೂ ಪರದೇಶದ ಕೀನ್ವಾ ತರಿಸುವ ಮೊದಲು ಅಂಬಲಿಯ ಕಡೆ ಒಮ್ಮೆ ನೋಡಬಹುದು.

ಬಸ್ಸಾರನ್ನೂ ನೋಡಿ. ದಂಟು ಅಥವಾ ಹರಿವೆ ಸೊಪ್ಪು, ಅಲಸಂದೆ ಕಾಳು ಒಟ್ಟಿಗೆ ಬೇಯಿಸಿ, ಮುಚ್ಚಳ ಓರೆ ಮಾಡಿ ನೀರು ಬಸಿಯುತ್ತಾರೆ. ಹಸಿರು ಬಣ್ಣದ ಆ ಕಟ್ಟಿಗೆ ರುಬ್ಬಿದ ಖಾರ ಬಿದ್ದು ಸಾರಾಗುತ್ತದೆ. ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ತರಕಾರಿ ಬೇಯಿಸಿದಾಗ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ನೀರು ಚೆಲ್ಲಿದರೆ ಕ್ಷಾರದ ದೊಡ್ಡ ಪಾಲು ಬಚ್ಚಲಿಗೆ ಹೋಯಿತು ಅಂತಲೇ ಅರ್ಥ. ಬಸ್ಸಾರಿನಲ್ಲಿ ಅದು ತಟ್ಟೆಗೇ ಬರುತ್ತದೆ. ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿರುವ ಕಿಡ್ನಿ ರೋಗಿಗಳಿಗೆ ಇದರ ಉಲ್ಟಾ: ತರಕಾರಿಯನ್ನು ಜಾಸ್ತಿ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಬೇಕು. ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ಅಡುಗೆ ಆಗಬಹುದು.

ಮೂಳೆ, ಕ್ಯಾನ್ಸರ್

ಆಮ್ಲದ ಊಟ ಮೂಳೆ ಕರಗಿಸುತ್ತದೆ ಅನ್ನುವ ವಾದವನ್ನು ಕೆನಡಾದ ತನಿಸ್ ಫೆಂಟನ್ ಮತ್ತು ಸಂಗಡಿಗರು 2009 ಮತ್ತು 2011ರಲ್ಲಿ ಕೂಲಂಕಷವಾಗಿ ನೋಡಿದರು. ಆಧಾರ ಸಿಗಲಿಲ್ಲ. 2016ರಲ್ಲಿ ಕ್ಯಾನ್ಸರ್ ಬಗ್ಗೆ ನೋಡಿದಾಗಲೂ ಅಷ್ಟೆ. ಈ ಡಯಟ್ಟನ್ನು ಜಗತ್ತಿಗೆಲ್ಲ ಮಾರಿದ ಕ್ಯಾಲಿಫೋರ್ನಿಯಾದ ರಾಬರ್ಟ್ ಯಂಗ್, ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ದಕ್ಕೆ 2016ರಲ್ಲಿ ತಪ್ಪಿತಸ್ಥರಾಗಿ ಮರುವರ್ಷ ಜೈಲು ಶಿಕ್ಷೆಗೆ ಒಳಗಾದರು. ಕೀಮೋ ಬಿಟ್ಟು ಅವರನ್ನು ನಂಬಿದ ಕ್ಯಾನ್ಸರ್ ರೋಗಿಯೊಬ್ಬರಿಗೆ 10.5 ಕೋಟಿ ಡಾಲರ್ ಕೊಡಬೇಕು ಅಂತ 2018ರಲ್ಲಿ ಸ್ಯಾನ್ ಡಿಯಾಗೋದ ಜ್ಯೂರಿ ತೀರ್ಪು ಕೊಟ್ಟಿತು. ಈ ವಿಷಯಕ್ಕೆ ಇಷ್ಟು ಸಾಕು.

ಆದರೂ ಮಾಡುತ್ತೇನೆ ಅನ್ನುವವರಿಗೆ

ಎಂಬತ್ತು ಪಾಲು ಕ್ಷಾರ, ಇಪ್ಪತ್ತು ಪಾಲು ಆಮ್ಲ ಅನ್ನುವ ಕಟ್ಟುನಿಟ್ಟಿನ ನಿಯಮ ಬೇಡ. ಅದರಲ್ಲಿ ಬೇಳೆ, ಮೊಟ್ಟೆ, ಮೀನು ಎಲ್ಲ ಮೂಲೆಗೆ ಸರಿಯುತ್ತದೆ. ವಯಸ್ಸಾದವರಿಗೆ ಪ್ರೋಟೀನ್ ಕಡಿಮೆಯಾಗಿ ಮೈಯ ಮಾಂಸ ಕರಗುತ್ತದೆ. ಐಸಿಎಂಆರ್ 2024ರಲ್ಲಿ ಹೇಳಿದ ಹಾಗೆ ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣು ಮಾಡಿಕೊಂಡರೆ ಲೆಕ್ಕ ತಾನಾಗೇ ಮೈನಸ್ ಕಡೆ ಬರುತ್ತದೆ. ಬೆಳಿಗ್ಗೆ ರಾಗಿ ಅಂಬಲಿಯೋ ತರಕಾರಿ ಹಾಕಿದ ಉಪ್ಪಿಟ್ಟೋ, ಜೊತೆಗೆ ಬಾಳೆಹಣ್ಣು. ಮಧ್ಯಾಹ್ನ ಮುದ್ದೆ, ಬಸ್ಸಾರು, ಪಲ್ಯ, ಮಜ್ಜಿಗೆ. ಬೇಕಾದರೆ ಒಂದು ಮೊಟ್ಟೆ. ರಾತ್ರಿ ಬೇಗ, ಸ್ವಲ್ಪ ಅನ್ನ, ತಂಬುಳಿ, ಹೀರೆಕಾಯಿಯೋ ಸೋರೆಕಾಯಿಯೋ ಹಾಕಿದ ಬೇಳೆ. ಎದೆ ಉರಿ ಇರುವವರು ಖಾರ, ಹುಣಸೆ ಕಡಿಮೆ ಮಾಡಿಕೊಳ್ಳಿ. ಹೊಟ್ಟೆ ಉಬ್ಬರದವರು ಕಾಳನ್ನು ಮೊದಲು ಕಡಿಮೆಯಿಂದ ಶುರು ಮಾಡಿ, ತಟ್ಟನೆ ನಾರು ಜಾಸ್ತಿ ಆದರೆ ಗ್ಯಾಸ್ ಇನ್ನೂ ಹೆಚ್ಚುತ್ತದೆ.

ಇಷ್ಟು ಮಾತ್ರದ ಬದಲಾವಣೆಗೂ ಮೊದಲು ಕೆಲವರು ರಕ್ತ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರು, ಬಿಪಿಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ ಮಾತ್ರೆ ತಗೊಳ್ಳುವವರು, ಹೃದಯಕ್ಕೆ ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುವವರು. ಈ ಔಷಧಗಳು ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುತ್ತವೆ. ಅದರ ಮೇಲೆ ಎಳನೀರು, ಸೊಪ್ಪಿನ ಜ್ಯೂಸ್ ಸೇರಿದರೆ ಜಾಸ್ತಿ ಆಗಬಹುದು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯೇಟಿನಿನ್ ಮತ್ತು ಪೊಟ್ಯಾಸಿಯಂ, ಎರಡೂ ಪರೀಕ್ಷೆ ಸಾಮಾನ್ಯ ಲ್ಯಾಬ್‌ನಲ್ಲೇ ಆಗುತ್ತವೆ. ಅಂಗಡಿಯಲ್ಲಿ ಸಿಗುವ 'ಲೋ ಸೋಡಿಯಂ' ಉಪ್ಪಿನ ಪೊಟ್ಟಣವನ್ನೂ ತಿರುಗಿಸಿ ಓದಿ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡ್. ಕಿಡ್ನಿ ತೊಂದರೆ ಇದ್ದವರು, ಈ ಮಾತ್ರೆಗಳ ಮೇಲೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಅಡುಗೆಗೆ ಹಾಕಬಾರದು.